ಒಳ್ಳೆಯ ಕೈ ಎಲ್ಲಿ ಕೂರಬೇಕು? ಒಂದು ಶರ್ಟ್ ಲೈನಿನ ಲೆಕ್ಕ

ಪ್ರಶ್ನೆ: ಮದ್ದೂರು ಹತ್ತಿರ ನಮ್ಮದೊಂದು ಸಣ್ಣ ಗಾರ್ಮೆಂಟ್ಸ್ ಘಟಕ ಇದೆ. ಬೆಂಗಳೂರಿನ ರಫ್ತುದಾರರಿಂದ ಜಾಬ್ ವರ್ಕ್ ತಂದು ಗಂಡಸರ ತುಂಬುತೋಳಿನ ಶರ್ಟ್ ಹೊಲಿಯುತ್ತೇವೆ. ಒಂದೇ ಲೈನ್ (ಶರ್ಟ್ ಕೈಯಿಂದ ಕೈಗೆ ಸಾಗುವ ಮೆಷಿನ್ ಸಾಲು), 30 ಟೈಲರ್‌ಗಳು, 8 ಗಂಟೆ ಕೆಲಸ. ದಿನಕ್ಕೆ 430 ಪೀಸ್ ಬರಬೇಕು, 340 ದಾಟುತ್ತಿಲ್ಲ. ‘ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ ಅವರನ್ನು ಅಲ್ಲಿ ಕೂರಿಸಿ’ ಎಂದು ಎಲ್ಲರೂ ಹೇಳುತ್ತಾರೆ. ಹಾಗೇ ಕೂರಿಸಿದ್ದೇನೆ ಅಂತಲೇ ನನ್ನ ನಂಬಿಕೆ. ಒಬ್ಬ ಸಲಹೆಗಾರರು ಎಲ್ಲರಿಗೂ ಸಾಮರ್ಥ್ಯ ಪರೀಕ್ಷೆ ಮಾಡಿಸೋಣ, ತಲೆಗೆ ಇಷ್ಟು ಎನ್ನುತ್ತಿದ್ದಾರೆ. ಮಾಡಿಸಬೇಕೆ? ಇನ್ನೊಂದು ವಿಷಯ: ನಮ್ಮಲ್ಲಿ ಬಾಟಮ್ (ಶರ್ಟಿನ ಕೆಳಅಂಚು) ಹೊಲಿಯುವ ಅಕ್ಕ ಇಡೀ ಲೈನಿಗೇ ಚುರುಕು. ಬೇರೆ ಸೀಟಿಗೆ ಹೋಗಿ ಎಂದರೆ ಒಪ್ಪುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಕೈತಪ್ಪುತ್ತಿರುವ 90 ಪೀಸಿನ ದೊಡ್ಡ ಪಾಲು ಆ ಅಕ್ಕನ ಸೀಟಿನಲ್ಲೇ ಇರಬಹುದು. ಅವರು ನಿಧಾನ ಅಂತಲ್ಲ, ಅಷ್ಟು ಚುರುಕಿನವರನ್ನು ಚುರುಕು ಬೇಕಿಲ್ಲದ ಜಾಗದಲ್ಲಿ ಕೂರಿಸಿದ್ದೀರಿ.

340ನ್ನು 8ರಿಂದ ಭಾಗಿಸಿದರೆ ಗಂಟೆಗೆ 42ರಿಂದ 43 ಶರ್ಟ್. ಬಾಟಮ್ ಎಂದರೆ ಲೈನಿನ ಹೆಚ್ಚುಕಮ್ಮಿ ಕೊನೆ. ಅಲ್ಲಿ ಕೂತವರು ಗಂಟೆಗೆ 70 ಹೊಲಿಯಬಲ್ಲವರಾದರೂ ಅವರ ಮುಂದೆ ಬಂದು ಬೀಳುವುದೇ 43. ಉಳಿದ ಹೊತ್ತು ದಾರ ಕತ್ತರಿಸುತ್ತ, ಬಂಡಲ್ ಬರಲಿ ಎಂದು ಹಿಂದೆ ತಿರುಗಿ ನೋಡುತ್ತ ಕೂತಿರುತ್ತಾರೆ. ನಿಮ್ಮ ಸ್ಟಾಪ್‌ವಾಚ್ ಅಂಕಿಗಳನ್ನು ನೀವು ಕಳಿಸಿಲ್ಲ, ಹಾಗಾಗಿ ಅಂದಾಜು ಅಂಕಿ ಇಟ್ಟು ತೋರಿಸುತ್ತೇನೆ. ನಿಮ್ಮವನ್ನು ಹಾಕಿ ನೋಡಿಕೊಳ್ಳಿ.

ಬಾಟಮ್ ಅಕ್ಕ ಬಾಟಮ್ ಹೊಲಿದರೆ ಗಂಟೆಗೆ 70, ಕಾಲರ್ ಅಟ್ಯಾಚ್ (ಶರ್ಟಿನ ಬಾಡಿ, ಅಂದರೆ ಮೈಭಾಗಕ್ಕೆ ಕಾಲರ್ ಕೂರಿಸುವುದು) ಮಾಡಿದರೆ 58. ಈಗ ಕಾಲರ್ ಅಟ್ಯಾಚ್‌ನಲ್ಲಿ ಕೂತಿರುವವರು ಅದೇ ಕೆಲಸದಲ್ಲಿ 43, ಬಾಟಮ್‌ಗೆ ಕೂರಿಸಿದರೆ 62. ಎರಡರಲ್ಲೂ ಅಕ್ಕನೇ ಮುಂದು. ಅವರ ಅತಿ ದೊಡ್ಡ ಅಂಕಿ 70 ಇರುವುದು ಬಾಟಮ್‌ನಲ್ಲಿ. ‘ಯಾರಿಗೆ ಯಾವುದು ಚೆನ್ನಾಗಿ ಬರುತ್ತದೋ’ ಲೆಕ್ಕದಲ್ಲಿ ನೀವು ಕೂರಿಸಿದ್ದು ಸರಿ. ಆದರೆ ಲೈನಿನಿಂದ ಹೊರಬರುವುದು 43. ಇಬ್ಬರನ್ನೂ ಅದಲುಬದಲು ಮಾಡಿ: ಕಾಲರ್ 58, ಬಾಟಮ್ 62. ಈ ಎರಡು ಸೀಟಿನ ಮಟ್ಟಿಗೆ ಲೈನ್ ಈಗ 58 ಬಿಡಬಲ್ಲದು. ನಿಮಗೆ ಬೇಕಾಗಿರುವುದು 54. ಒಬ್ಬರೂ ಒಂದು ಹೊಲಿಗೆಯನ್ನೂ ಹೊಸದಾಗಿ ಕಲಿತಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಿ. ಈ ವ್ಯಕ್ತಿ ಯಾವುದರಲ್ಲಿ ಗಟ್ಟಿ ಎಂದಲ್ಲ. ಲೈನ್ ಎಲ್ಲಿ ಕಟ್ಟಿಕೊಂಡಿದೆ, ಅಲ್ಲಿಗೆ ಯಾರನ್ನು ತಂದರೆ ಅವರು ಬಿಟ್ಟುಬಂದ ಸೀಟಿನಲ್ಲಿ ಕಡಿಮೆ ನಷ್ಟ ಎಂದು.

430 ಆಗದ ಗುರಿಯೇನಲ್ಲ. ಶರ್ಟಿನ ಸ್ಯಾಮ್, ಅಂದರೆ ಒಂದು ಶರ್ಟಿಗೆ ನಿಗದಿಯಾದ ಹೊಲಿಗೆ ಸಮಯ, 20 ನಿಮಿಷ ಎಂದಿಟ್ಟುಕೊಳ್ಳಿ (ರಫ್ತುದಾರರಲ್ಲಿ ಕೆಲಸದ ಸಮಯ ಲೆಕ್ಕಹಾಕುವ ಐಇ ವಿಭಾಗದವರನ್ನು ಕೇಳಿದರೆ ನಿಮ್ಮ ಸ್ಟೈಲಿನದು ಸರಿಯಾಗಿ ಸಿಗುತ್ತದೆ). 30 ಜನ, ತಲಾ 480 ನಿಮಿಷ, ಒಟ್ಟು 14,400. 340 ಶರ್ಟಿಗೆ ಹೋದದ್ದು 6,800 ನಿಮಿಷ, ಅಂದರೆ 47%. 430ಕ್ಕೆ 60% ಸಾಕು. ಉಳಿದ ನಿಮಿಷಗಳು ಕಾಯುವುದರಲ್ಲಿ, ಆಲ್ಟರ್ (ತಪ್ಪಾಗಿ ವಾಪಸ್ ಬಂದ ಪೀಸ್) ಬಿಚ್ಚುವುದರಲ್ಲಿ, ಬಂಡಲ್ ಹುಡುಕುವುದರಲ್ಲಿ ಸೋರಿಹೋಗುತ್ತಿವೆ.

ಇನ್ನು ಅಳೆಯುವ ಬಗೆ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಒಬ್ಬೊಬ್ಬರದೂ 10 ಪೀಸ್ ಅಳೆಯಿರಿ, ಒಂದು ಪೀಸ್ ಕೈಗೆತ್ತಿಕೊಂಡಲ್ಲಿಂದ ಮುಂದಿನದನ್ನು ಕೈಗೆತ್ತಿಕೊಳ್ಳುವ ತನಕ. ಬಾಬಿನ್ ಮುಗಿದ, ದಾರ ಕಡಿದ ಪೀಸನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೆಳಗಿನ ಮೊದಲ ಗಂಟೆ, ಊಟದ ಬೆಲ್ಲಿಗೆ ಮುಂಚಿನ ಅರ್ಧ ಗಂಟೆ ಬಿಡಿ. 10ರಿಂದ 11ರ ನಡುವೆ ಒಮ್ಮೆ, 3ರಿಂದ 4ರ ನಡುವೆ ಮತ್ತೊಮ್ಮೆ ಅಳೆಯಿರಿ. 3600ನ್ನು ಸರಾಸರಿ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು 0.85ರಿಂದ ಗುಣಿಸಿ. ಕಳೆದ 15% ಬಾಬಿನ್, ನೀರು, ಬಂಡಲ್ ಬಿಚ್ಚಿ ಕಟ್ಟುವುದು, ದಣಿವು ಇವುಗಳ ಪಾಲು. 71 ಸೆಕೆಂಡಿನವರು ಗಂಟೆಗೆ 43, 53 ಸೆಕೆಂಡಿನವರು 58: ಮೇಲಿನ ಅಂಕಿಗಳು ಹುಟ್ಟಿದ್ದು ಹೀಗೆ.

ಅಳೆಯುವ ಮುಂಚೆ ಯಾಕೆ ಅಳೆಯುತ್ತಿದ್ದೀರಿ ಎಂದು ಹೇಳಿಬಿಡಿ. ಹೇಳದೆ ಬೆನ್ನ ಹಿಂದೆ ನಿಂತರೆ ಒಂದಷ್ಟು ಜನ ಬೇಕೆಂದೇ ಕೈ ನಿಧಾನ ಮಾಡುತ್ತಾರೆ. ಇವತ್ತು ಬೇಗ ಹೊಲಿದರೆ ನಾಳೆ ಟಾರ್ಗೆಟ್ ಏರುತ್ತದೆ ಎಂಬುದು ಗಾರ್ಮೆಂಟ್ಸಿನಲ್ಲಿ ಎರಡು ವರ್ಷ ಕಳೆದ ಯಾರಿಗಾದರೂ ಗೊತ್ತು. ಅವರನ್ನು ದೂರುವಂತಿಲ್ಲ.

ವೇಗ ಬರೆದ ಚೌಕದಲ್ಲೇ ನೂರಕ್ಕೆ ಎಷ್ಟು ಆಲ್ಟರ್ ಎಂದೂ ಬರೆಯಿರಿ. ಇದನ್ನು ಬಿಟ್ಟರೆ ಮೋಸ ಹೋಗುತ್ತೀರಿ. ಗಂಟೆಗೆ 56 ಕಾಲರ್ ಕೂರಿಸಿ ನೂರಕ್ಕೆ 12 ವಾಪಸ್ ಪಡೆಯುವವರು ಒಬ್ಬರು, 50 ಕೂರಿಸಿ 2 ವಾಪಸ್ ಪಡೆಯುವವರು ಇನ್ನೊಬ್ಬರು. ಒಂದು ಕಾಲರ್ ಬಿಚ್ಚಿ ಮತ್ತೆ ಕೂರಿಸಲು 3 ನಿಮಿಷ ಹಿಡಿದರೆ ಮೊದಲನೆಯವರಿಗೆ ಒಂದು ಶರ್ಟಿಗೆ 1.07 ನಿಮಿಷದ ಜೊತೆ 0.36 ಸೇರಿ 1.43 ನಿಮಿಷ, ಗಂಟೆಗೆ 42. ಎರಡನೆಯವರಿಗೆ 1.26 ನಿಮಿಷ, ಗಂಟೆಗೆ 48. ನಿಧಾನದವರೇ ಬೇಗ! ಬಿಚ್ಚಿದ ಬಟ್ಟೆಯಲ್ಲಿ ಉಳಿಯುವ ಸೂಜಿ ತೂತಿನ ಲೆಕ್ಕ ಇದರಲ್ಲಿ ಸೇರಿಲ್ಲ.

30 ಜನರಿಗೆ ಇಪ್ಪತ್ತು ಚಿಲ್ಲರೆ ಆಪರೇಷನ್‌ಗಳನ್ನು ಎದುರಿಟ್ಟು ದೊಡ್ಡ ಚಾರ್ಟ್ ಬರೆಸಿ ಗೋಡೆಗೆ ಅಂಟಿಸುವವರಿದ್ದಾರೆ. ಆಡಿಟ್‌ಗೆ ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಿಮಗೆ ಅಷ್ಟು ಬೇಡ. ಕಾಲರ್ ಟಾಪ್ ಸ್ಟಿಚ್ (ಮೇಲುಹೊಲಿಗೆ), ಬ್ಯಾಂಡ್ (ಕಾಲರ್ ಬುಡದ ಪಟ್ಟಿ) ಕೂಡಿಸುವುದು, ಕಾಲರ್ ಅಟ್ಯಾಚ್, ಸ್ಲೀವ್ (ತೋಳು) ಅಟ್ಯಾಚ್, ಕಫ್ (ತೋಳಿನ ತುದಿಯ ಪಟ್ಟಿ) ಅಟ್ಯಾಚ್, ತೋಳಿನ ಪ್ಲಾಕೆಟ್ (ಕಫ್ ಮೇಲಿನ ಸೀಳಿನ ಪಟ್ಟಿ), ಪಾಕೆಟ್: ಈ ಏಳಕ್ಕೆ ಮಾತ್ರ ಯಾರಿಗೆ ಎಷ್ಟು ಬರುತ್ತದೆ ಎಂದು ತುಂಬಿ. ಪ್ರತಿಯೊಂದಕ್ಕೂ ಮೂರು ಹೆಸರು ಇರಲೇಬೇಕು: ಹೊಲಿಯುವವರು ಒಬ್ಬರು, ಒದಗುವವರು ಇಬ್ಬರು. ಹಬ್ಬದ ಮಾರನೇ ದಿನ ನಾಲ್ಕು ಜನ ಬರದಿದ್ದಾಗ ಲೈನ್ ನಿಲ್ಲುವುದು ಲೇಬಲ್ ಹೊಲಿಯುವವರು ಇಲ್ಲದ್ದಕ್ಕಲ್ಲ.

ಕೆಲವರಿಗೆ ಕೆಲಸ ‘ಸಹಜ’ವಾಗಿ ಬರುತ್ತದೆ ಎನ್ನುತ್ತಾರಲ್ಲ, ಈಗ ಆ ಮಾತಿಗೆ ಬರೋಣ. ಆರು ವರ್ಷ ಒಂದೇ ಸೀಟಿನಲ್ಲಿ ಕೂತವರ ವೇಗ ಅಭ್ಯಾಸದ್ದೋ ಹುಟ್ಟಿನದೋ ಸ್ಟಾಪ್‌ವಾಚ್ ಹೇಳಲಾರದು. ಅದನ್ನು ತಿಳಿಯಲು ಗೊತ್ತಿಲ್ಲದ ಕೆಲಸ ಕೊಟ್ಟು ನೋಡಬೇಕು. ಕಟಿಂಗ್‌ನಲ್ಲಿ ರಿಜೆಕ್ಟ್ ಆದ ತುಂಡುಗಳಲ್ಲಿ ಮೊದಲ ದಿನ 25 ಪೀಸ್ ಹೊಲಿಸಿ, ಕೊನೆಯ 5ನ್ನು ಮಾತ್ರ ಅಳೆಯಿರಿ. ಮೂರನೇ ದಿನ 25, ಐದನೇ ದಿನ 25. ಒಬ್ಬರು 110 ಸೆಕೆಂಡಿನಿಂದ 107, ಆಮೇಲೆ 105ಕ್ಕೆ ಇಳಿದರು ಎನ್ನಿ. ಇನ್ನೊಬ್ಬರು 140ರಿಂದ 120, ಆಮೇಲೆ 95. ಮೊದಲ ದಿನವಷ್ಟೇ ನೋಡಿದವರು 110ರವರನ್ನು ಆರಿಸುತ್ತಾರೆ. ಕೈ ಒಗ್ಗುವುದು ಎರಡನೆಯವರಿಗೆ. ಅಂಕಿಗಿಂತ ಅದು ಇಳಿಯುವ ವೇಗ ನೋಡಿ.

ಹೊಸಬರನ್ನು ಸೇರಿಸಿಕೊಳ್ಳುವಾಗ ಇನ್ನೂ ಅಗ್ಗದ ದಾರಿ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಟಿಫಿನ್ 1948ರಲ್ಲಿ ಕಾರ್ಖಾನೆ ಕೆಲಸಗಾರರ ಆಯ್ಕೆಗೆಂದು ಒಂದು ಹಲಗೆ ರೂಪಿಸಿದರು. 25 ತೂತಿನ ಎರಡು ಸಾಲು, ಅದರಲ್ಲಿ ಪಿನ್ನು ಕೂರಿಸುವುದು. ಬೆರಳ ಚುರುಕು ಅಳೆಯಲು ಅದು ಈಗಲೂ ಬಳಕೆಯಲ್ಲಿದೆ. ಆದರೆ ಪಿನ್ನು ಜಾರುವುದಿಲ್ಲ, ಬಟ್ಟೆ ಜಾರುತ್ತದೆ. ಹೊಲಿಗೆಗೆ ಪೇಪರ್ ಪರೀಕ್ಷೆಯೇ ವಾಸಿ. ಒಂದು ಬಿಳಿ ಹಾಳೆಯಲ್ಲಿ ನೇರ ಗೆರೆ, ಮೂಲೆ, ಬಾಗು ಗೆರೆ ಎಳೆದು, ದಾರ ಹಾಕದೆ ಅದರ ಮೇಲೆ ಮೆಷಿನ್ ಓಡಿಸಲು ಹೇಳಿ. ಸೂಜಿ ತೂತು ಗೆರೆಯಿಂದ ಎಷ್ಟು ಮಿಲಿಮೀಟರ್ ಆಚೆ ಹೋಗಿದೆ ಎಂಬುದು ಎದ್ದು ಕಾಣುತ್ತದೆ. ಐದು ನಿಮಿಷ, ಖರ್ಚು ಒಂದು ಹಳೇ ಸೂಜಿ.

ಬಾಗಿನಲ್ಲಿ ಗೆರೆ ತಪ್ಪದವರನ್ನು ಕಾಲರ್ ಮತ್ತು ಸ್ಲೀವ್‌ಗೆ ತಯಾರು ಮಾಡಿ. ಸ್ಲೀವ್ ಅಟ್ಯಾಚ್‌ನಲ್ಲಿ ಮೇಲಿನ ಬಟ್ಟೆಯನ್ನೂ ಕೆಳಗಿನದನ್ನೂ ಎರಡು ಕೈ ಬೇರೆ ಬೇರೆ ಬಿಗಿಯಲ್ಲಿ ಬಿಡಬೇಕು. ಇದು ಕೆಲವರಿಗೆ ವಾರದಲ್ಲಿ ಬರುತ್ತದೆ, ಕೆಲವರಿಗೆ ವರ್ಷವಾದರೂ ಬರುವುದಿಲ್ಲ. ಮೂಲೆಯಲ್ಲಿ ಸರಿಯಾಗಿ ನಿಲ್ಲಿಸಿ ತಿರುಗಿಸುವವರು ಪಾಕೆಟ್‌ಗೆ, ಪ್ಲಾಕೆಟ್‌ಗೆ. ಚೆಕ್ಸ್ ಬಟ್ಟೆಯಾದರೆ ಪಾಕೆಟ್‌ನಲ್ಲಿ ಗೆರೆಗೆ ಗೆರೆ ಕೂಡಿಸುವ ಕಣ್ಣೂ ಬೇಕು. ಸೈಡ್ ಸೀಮ್, ಲೇಬಲ್, ಬಾಟಮ್‌ಗೆ ಬೇಕಾದದ್ದು ಬೇರೆ: ಬೆಳಗ್ಗೆ 9ಕ್ಕೆ ಹೇಗೋ ಸಂಜೆ 4ಕ್ಕೂ ಹಾಗೇ ಇರುವ ಕೈ. ಬೇಗ ಕಲಿತು ಬೇಗ ಬೇಸರಪಡುವವರನ್ನು ಅಲ್ಲಿ ಕೂರಿಸಿದರೆ ಊಟದ ನಂತರ ಆಲ್ಟರ್ ಏರುತ್ತದೆ. ಅಂಥವರು, ಎಲ್ಲಿ ಬೇಕೋ ಅಲ್ಲಿಗೆ ಹೋಗಿ ಕೂರುವ ಫ್ಲೋಟರ್‌ಗೆ ಹೇಳಿ ಮಾಡಿಸಿದಂತಿರುತ್ತಾರೆ.

ಫ್ಲೋಟರ್ ವಿಷಯದಲ್ಲಿ ಮಾಲೀಕರು ತಪ್ಪುವುದೇ ಹೆಚ್ಚು. ಎಲ್ಲೂ ಒಗ್ಗದೆ ಉಳಿದವರನ್ನು ಆ ಕೆಲಸಕ್ಕೆ ತಳ್ಳುತ್ತಾರೆ. 30 ಜನರ ಲೈನಿಗೆ ಇಬ್ಬರು ಬೇಕು. ಅವರು ಅತಿ ವೇಗದವರಾಗಬೇಕಿಲ್ಲ, ಆದರೆ ನಾಲ್ಕೈದು ಕಷ್ಟದ ಆಪರೇಷನ್ ಗೊತ್ತಿರಬೇಕು, ಒಂದು ಮೆಷಿನ್‌ನಿಂದ ಎದ್ದು ಇನ್ನೊಂದರಲ್ಲಿ ಕೂರಲು ಮುಖ ಗಂಟಿಕ್ಕಬಾರದು. ಇವರ ಬೆಲೆ ಲೆಕ್ಕದಲ್ಲೇ ಕಾಣುತ್ತದೆ. ಕಾಲರ್ 58ಕ್ಕೆ ಏರಿದ ಮೇಲೆ ಕಟ್ಟಿಕೊಳ್ಳುವ ಜಾಗ ಕಫ್ ಅಟ್ಯಾಚ್‌ಗೆ ಸರಿಯಿತೆನ್ನಿ: ಇಬ್ಬರು, ತಲಾ 24, ಒಟ್ಟು 48. ಗಂಟೆಗೆ 6 ಕಡಿಮೆ, ದಿನಕ್ಕೆ 48. ಅಲ್ಲಿ ಮೂರನೇ ಟೈಲರ್ ನೇಮಿಸಬೇಕಿಲ್ಲ, ಗಂಟೆಗೆ 24 ಮಾಡುವ ಫ್ಲೋಟರ್ ದಿನಕ್ಕೆ 2 ಗಂಟೆ ಕೂತರೆ ತುಂಬಿಹೋಗುತ್ತದೆ. ಅದಾದ ಮೇಲೆ ಅಡ್ಡಿ ಇನ್ನೆಲ್ಲಿಗೋ ಸರಿಯುತ್ತದೆ. ಎಲ್ಲಿ ಬಂಡಲ್ ರಾಶಿ ಬಿದ್ದಿದೆ, ಅದರ ಮುಂದಿನವರು ಎಲ್ಲಿ ಖಾಲಿ ಕೂತಿದ್ದಾರೆ ಎಂದು ಗಂಟೆಗೊಮ್ಮೆ ನೋಡಿದರೆ ಸಾಕು.

ಲೈನಿನಲ್ಲಿ ‘ಬಾಯಿ ಜಾಸ್ತಿ’ ಎಂದು ಹೆಸರಾದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಶೇಡ್ ತಪ್ಪಿದೆ, ಫ್ರಂಟ್ ಉದ್ದ ಬಂದಿದೆ ಎಂದು ಪ್ರತಿ ಬಂಡಲ್‌ಗೂ ಗೊಣಗುತ್ತಾರೆ. ಅವರನ್ನು ಶೋಲ್ಡರ್ ಜಾಯಿನ್‌ನಲ್ಲಿ ಕೂರಿಸಿ. ಬಿಡಿ ಭಾಗಗಳು ಮೊದಲು ಒಂದಾಗುವುದು ಅಲ್ಲಿ. ತಪ್ಪನ್ನು ಅಲ್ಲಿ ಹಿಡಿದರೆ ಹೋಗುವುದು ಒಂದು ಹೊಲಿಗೆ, ಫೈನಲ್ ಚೆಕಿಂಗ್‌ನಲ್ಲಿ ಹಿಡಿದರೆ ಇಡೀ ಶರ್ಟ್ ಬಿಚ್ಚಬೇಕು.

ಇಷ್ಟೆಲ್ಲ ಮಾಡುವ ಮುಂಚೆ ದೋಷ ಮನುಷ್ಯರದ್ದೇ ಎಂದು ಖಚಿತ ಮಾಡಿಕೊಳ್ಳಿ. ನಿಧಾನದವರನ್ನೂ ಪಕ್ಕದ ಅದೇ ಕೆಲಸದವರನ್ನೂ 20 ಪೀಸಿಗೆ ಸೀಟು ಬದಲಿಸಿ ಕೂರಿಸಿ. ನಿಧಾನ ವ್ಯಕ್ತಿಯ ಜೊತೆ ಹೋಯಿತೆ, ಸೀಟಿನಲ್ಲೇ ಉಳಿಯಿತೆ? ಸೀಟಿನಲ್ಲೇ ಉಳಿದರೆ ಮೆಕ್ಯಾನಿಕ್ ಕರೆಯಿರಿ: ಸವೆದ ಫೀಡ್ ಡಾಗ್ (ಬಟ್ಟೆಯನ್ನು ಮುಂದೆ ಸರಿಸುವ ಹಲ್ಲು), ಬಟ್ಟೆಗೆ ಹೊಂದದ ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿಹಿಡಿಯುವ ಪಾದ), ಮೊಂಡ ಸೂಜಿ, ಬೆಳಕು ಬೀಳದ ಮೂಲೆ, ತಗ್ಗಾದ ಕುರ್ಚಿ. ಬಾಟಮ್‌ಗೆ ಒಳ್ಳೆಯ ಫೋಲ್ಡರ್ (ಅಂಚನ್ನು ತಾನೇ ಮಡಚಿಕೊಡುವ ಸಾಧನ) ಹಾಕಿದರೆ ಸಾಧಾರಣ ಟೈಲರ್ ಕೂಡ ನುರಿತವರಂತೆ ಕಾಣುತ್ತಾರೆ. ನಿಮ್ಮ ಅಕ್ಕನ 70ರಲ್ಲಿ ಫೋಲ್ಡರ್‌ನ ಪಾಲೆಷ್ಟು ಎಂಬುದನ್ನೂ ನೋಡಿ.

ಇನ್ನೊಂದನ್ನು ಯಾರೂ ನೋಡುವುದಿಲ್ಲ: ಕಣ್ಣು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ, ಹೇಳಿಕೊಂಡರೆ ಕೆಲಸ ಹೋದೀತೆಂದು ಸುಮ್ಮನಿರುತ್ತಾರೆ. ಅಸ್ಸಾಮಿನ ಚಹಾ ತೋಟದಲ್ಲಿ 40 ಮತ್ತು ಅದಕ್ಕೂ ಮೇಲ್ಪಟ್ಟ ವಯಸ್ಸಿನ 751 ಎಲೆ ಕೀಳುವವರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಓದುವ ಕನ್ನಡಕ ಪಡೆದವರ ಉತ್ಪಾದನೆ, ಪಡೆಯದವರಿಗಿಂತ 21.7% ಹೆಚ್ಚು ಏರಿತು. ಚಹಾ ಎಲೆಗೇ ಹಾಗಾದರೆ ಸೂಜಿ ಮೊನೆಯ ಕೆಲಸಕ್ಕೆ ಹೇಗಿದ್ದೀತು? ಸಾಮರ್ಥ್ಯ ಪರೀಕ್ಷೆಗೆ ಇಟ್ಟ ಹಣದಲ್ಲಿ ಕಣ್ಣಿನ ತಪಾಸಣೆ ಮಾಡಿಸಿ. ದಾರದ ಶೇಡ್ ಹೊಂದಿಸುವವರಿಗೂ ಚೆಕರ್‌ಗಳಿಗೂ ಬಣ್ಣಗುರುಡು ಪತ್ತೆಹಚ್ಚುವ ಇಶಿಹಾರ ಚಿತ್ರಗಳನ್ನೂ ತೋರಿಸಿ. ಕೆಂಪು–ಹಸಿರು ಗೊಂದಲ ಗಂಡಸರಲ್ಲಿ ಹೆಚ್ಚು.

ಸಲಹೆಗಾರರ ಪರೀಕ್ಷೆ ಬೇಡ ಎಂದದ್ದಕ್ಕೆ ಕಾರಣ ಹೇಳಿಬಿಡುತ್ತೇನೆ. ಇಂಥವುಗಳಲ್ಲಿ ಹೆಸರಾದದ್ದು ಡೊನಾಲ್ಡ್ ಕ್ಲಿಫ್ಟನ್ ರೂಪಿಸಿದ, ಗ್ಯಾಲಪ್ ಸಂಸ್ಥೆ ನಡೆಸುವ ಪರೀಕ್ಷೆ: 177 ಜೋಡಿ ಹೇಳಿಕೆ, ಒಂದೊಂದಕ್ಕೆ 20 ಸೆಕೆಂಡ್, ಕೊನೆಗೆ 34 ಗುಣಗಳನ್ನು ಸಾಲಾಗಿ ಜೋಡಿಸಿಕೊಡುತ್ತದೆ. ಆ ಸಾಲು ಒಬ್ಬರೊಳಗೇ ಯಾವ ಗುಣ ಮೇಲು, ಯಾವುದು ಕೆಳಗೆ ಎಂದು ಹೇಳುತ್ತದೆಯೇ ಹೊರತು ಇಬ್ಬರನ್ನು ಹೋಲಿಸುವುದಿಲ್ಲ. ಕೆಲಸಕ್ಕೆ ಆರಿಸಲು ಇದನ್ನು ಬಳಸಬೇಡಿ ಎಂದು ಗ್ಯಾಲಪ್ ತಾನೇ ಹೇಳುತ್ತದೆ. ಮರ್ಚಂಡೈಸಿಂಗ್ ಕಚೇರಿಯ ಹತ್ತು ಜನ ಕೂತು ಮಾತಾಡಲು ಒಂದು ನೆಪವಾದೀತು. ಸ್ಲೀವ್ ಯಾರಿಗೆ ಕೂರುತ್ತದೆ ಎಂದು ತಿಳಿಯಲು ಅಲ್ಲ.

ಮೇಲಿನ ಲೆಕ್ಕವೆಲ್ಲ ಕೈಗೂಡುವುದು ಸೂಪರ್‌ವೈಸರ್ ಮೇಲೆ. ಬೆಂಗಳೂರಿನ ಗಾರ್ಮೆಂಟ್ಸ್ ಲೈನುಗಳ ದಿನಂಪ್ರತಿ ದಾಖಲೆ ಹಿಡಿದು ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನ್ಯಾಷಾಧಮ್ ಎಂಬ ಅರ್ಥಶಾಸ್ತ್ರಜ್ಞರು ಗಾಳಿಯ ದೂಳು ಏರಿದ ದಿನಗಳನ್ನು ನೋಡಿದರು. ಎಲ್ಲರ ಕೈಯೂ ಒಂದೇ ಸಮ ಕುಗ್ಗುವುದಿಲ್ಲ. ಅದನ್ನು ಗಮನಿಸಿ ಜನರನ್ನು ಕೆಲಸದಿಂದ ಕೆಲಸಕ್ಕೆ ಸರಿಸುವ ಸೂಪರ್‌ವೈಸರ್‌ಗಳ ಲೈನಿನಲ್ಲಿ ನಷ್ಟ ಕಡಿಮೆ. ಅಂದರೆ ಅಲ್ಲಿ ಬೇಕಾದದ್ದು ಕಣ್ಣಿಟ್ಟು ನೋಡುವ ಗುಣ, ಕೈ ವೇಗವಲ್ಲ. ಅತಿ ಚುರುಕಿನ ಟೈಲರ್‌ಗೇ ಬಡ್ತಿ ಕೊಟ್ಟರೆ ಒಳ್ಳೆಯ ಟೈಲರ್ ಕಳೆದುಕೊಳ್ಳುವುದು ಖಂಡಿತ, ಒಳ್ಳೆಯ ಸೂಪರ್‌ವೈಸರ್ ಸಿಗುವುದು ಅದೃಷ್ಟ. ಪಕ್ಕದವರಿಗೆ ಸಿಡುಕದೆ ಹೇಳಿಕೊಡುವವರು ಯಾರೆಂದು ನೋಡಿ, ಅಲ್ಲಿಂದ ಆರಿಸಿ.

ಸಂಬಳದ ಮಾತನ್ನೂ ಮರೆಯಬೇಡಿ. ಹೆಚ್ಚು ಬಂದರೆ ಹೆಚ್ಚು ಬಂಡಲ್, ಕಷ್ಟದ ಸೀಟು, ಅದೇ ಸಂಬಳ: ಈ ನಿಯಮ ಇರುವ ಕಡೆ ಜನ ತಮಗೆ ಬರುವುದನ್ನು ಬಚ್ಚಿಡುತ್ತಾರೆ. ಏಳು ಕಷ್ಟದ ಆಪರೇಷನ್‌ಗಳಲ್ಲಿ ಎರಡಕ್ಕಿಂತ ಹೆಚ್ಚು ಬಂದರೆ ಒಂದೊಂದಕ್ಕೆ ತಿಂಗಳಿಗೆ ಇಷ್ಟು ಭತ್ಯೆ ಎಂದು ಬರೆದು ಹಾಕಿ, ಆ ಸೀಟಿನಲ್ಲಿ ಕೂರದ ತಿಂಗಳಲ್ಲೂ ಕೊಡಿ. ಇನ್ಸೆಂಟಿವ್ ಇಟ್ಟರೆ ಒಬ್ಬೊಬ್ಬರ ಪೀಸಿಗಲ್ಲ, ಲೈನಿನ ಕೊನೆಯಲ್ಲಿ ಪಾಸಾದ ಶರ್ಟಿಗೆ ಇಡಿ. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಕೊರೆಟ್ ಎಂಬ ಹೆಂಗಸರ ಉಡುಪಿನ ಕಾರ್ಖಾನೆ 1995ರಿಂದ 1997ರ ನಡುವೆ ಪೀಸ್ ರೇಟ್ ಬಿಟ್ಟು ತಂಡದ ಕೂಲಿಗೆ ಬದಲಾಯಿತು. ಉತ್ಪಾದನೆ ಸರಾಸರಿ 14% ಏರಿತು. ಸರಾಸರಿ ಸಾಮರ್ಥ್ಯ ಒಂದೇ ಆಗಿದ್ದರೂ ಚುರುಕಿನವರೂ ನಿಧಾನದವರೂ ಬೆರೆತ ತಂಡಗಳೇ ಮುಂದಿದ್ದವು. ಅಚ್ಚರಿ ಎಂದರೆ, ಮೊದಲು ತಂಡ ಸೇರಿದವರು ಹೆಚ್ಚು ಹೊಲಿಯುತ್ತಿದ್ದವರೇ, ಅವರಲ್ಲಿ ಹಲವರ ಕೂಲಿ ಇಳಿದರೂ.

ಹಾಗಾಗಿ ನಿಮ್ಮ ಬಾಟಮ್ ಅಕ್ಕ ಒಪ್ಪದಿರುವುದು ಬರೀ ಹಟ ಎಂದುಕೊಳ್ಳಬೇಡಿ. ಬಾಟಮ್‌ನಲ್ಲಿ ಅವರಿಗೆ ಹೆಸರಿದೆ. ಕಾಲರ್ ಅಟ್ಯಾಚ್‌ನಲ್ಲಿ ಕೂತರೆ ಇಡೀ ಲೈನಿನ ಬೈಗುಳ ತಮ್ಮ ತಲೆಗೆ ಎಂದು ಅವರು ಕಂಡಿದ್ದಾರೆ. ಎಲ್ಲರೆದುರು ಕೂಗಿ ಹೇಳದೆ, ಟೀ ಹೊತ್ತಿನಲ್ಲಿ ಕೂರಿಸಿಕೊಂಡು ಗಂಟೆ ಬೋರ್ಡ್ (ಗಂಟೆಗೆಷ್ಟು ಪೀಸ್ ಎಂದು ಬರೆಯುವ ಹಲಗೆ) ತೋರಿಸಿ: ‘ಅಕ್ಕ, ನಿಮ್ಮ ಕೈಗೆ ಬರುವುದೇ 43, ನೋಡಿ.’ ಐದು ದಿನದ ಪ್ರಯೋಗ ಎನ್ನಿ. ಆ ಐದು ದಿನ ಅವರ ದುಡಿಮೆ ಒಂದು ರೂಪಾಯಿಯೂ ಇಳಿಯದಂತೆ ಮಾತು ಕೊಡಿ, ಬೇಡವೆನಿಸಿದರೆ ವಾಪಸ್ ಬರುವ ಹಕ್ಕೂ ಅವರದೇ ಇರಲಿ. ಈಗ ಕಾಲರ್‌ನಲ್ಲಿರುವವರ ಜೊತೆಗೂ ಅದೇ ದಿನ ಬೇರೆಯಾಗಿ ಮಾತಾಡಿ. ಇಲ್ಲದಿದ್ದರೆ ಕಿತ್ತುಹಾಕಿದರು ಎಂದೇ ಅವರಿಗೆ ಅನಿಸುತ್ತದೆ. ಅವರಿಗೆ ತೋರಿಸಬೇಕಾದ ಅಂಕಿ ಬಾಟಮ್‌ನ 62, ಕಾಲರ್‌ನ 43 ಅಲ್ಲ.

ಬದಲಾವಣೆಯನ್ನು ಸೋಮವಾರ ಮಾಡಬೇಡಿ, ಹೊಸ ಸ್ಟೈಲ್ ಹತ್ತಿದ ವಾರದಲ್ಲೂ ಬೇಡ. ಆಗ ಎಲ್ಲರ ಕೈಯೂ ತಡವರಿಸುತ್ತಿರುತ್ತದೆ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಓಡುತ್ತಿರುವ ಸ್ಟೈಲ್, ಬುಧವಾರ ಸರಿ. ಹಿಂದಿನ ಸಂಜೆ ಕಾಲರ್ ಮುಗಿದ 30–40 ಬಾಡಿಗಳನ್ನು ಮುಂದಿನವರಿಗಾಗಿ ಎತ್ತಿಡಿ, ಮೊದಲ ದಿನ ಲೈನ್ ಹಸಿಯದು. ಆ ದಿನ ಉತ್ಪಾದನೆ 340ಕ್ಕಿಂತಲೂ ಇಳಿಯಬಹುದು. ಅಂದೇ ಗಾಬರಿಬಿದ್ದು ವಾಪಸ್ ಕೂರಿಸಿದರೆ ಇಬ್ಬರೂ ಮತ್ತೆ ಒಪ್ಪುವುದಿಲ್ಲ. ಮೂರನೇ ದಿನಕ್ಕೆ ಗಂಟೆಗೆ 48 ದಾಟಬೇಕು, ಐದನೇ ದಿನಕ್ಕೆ 52ರ ಆಸುಪಾಸು. ಬರದಿದ್ದರೆ ಮೊದಲು ಮೆಷಿನ್ ನೋಡಿ, ಆಮೇಲೆ ಕಾಲರ್ ಸೆಕ್ಷನ್ನಿನಿಂದ ಬರುವ ಕಾಲರ್ ನೆಕ್ ಅಳತೆಗೆ ಕೂಡುತ್ತಿದೆಯೇ ನೋಡಿ. ಎರಡೂ ಸರಿಯಿದ್ದು ಅಕ್ಕ ಆಗದು ಎಂದರೆ ಕೊಟ್ಟ ಮಾತಿನಂತೆ ಬಾಟಮ್‌ಗೆ ಕಳಿಸಿ. 25 ಪೀಸಿನ ಪರೀಕ್ಷೆಯಲ್ಲಿ ಬೇಗ ಇಳಿದ ಹೆಸರು ಯಾವುದಿತ್ತೋ ಅವರನ್ನು ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆಯಂತೆ ಕಾಲರ್‌ನಲ್ಲಿ ಕೂರಿಸಲು ಶುರು ಮಾಡಿ.